ಚಕ್ರವಿಲ್ಲದ ಕುಂಬಾರಿಕೆ

ತರ್ಕಶಾಸ್ತ್ರದ ಹೊಸ್ತಿಲಲ್ಲಿಯೇ ಒಂದು ಗಡಿಗೆ ಕುಳಿತಿದೆ. ಕಾರ್ಯಕ್ಕೂ ಕಾರಣಕ್ಕೂ ಇರುವ ಸಂಬಂಧವನ್ನು ಶಿಷ್ಯನಿಗೆ ತಿಳಿಯಹೇಳಬೇಕಾದಾಗ ನಮ್ಮ ನೈಯಾಯಿಕರು ಬಹು ದೂರ ಹೋಗಲಿಲ್ಲ. ಕುಂಬಾರನ ಮನೆಗೆ ಹೋದರು. ಗಡಿಗೆಗೆ ಮಣ್ಣು ಒಂದು ಬಗೆಯ ಕಾರಣ. ಕುಂಬಾರನೂ ಅವನ ಕೈಯ ದಂಡವೂ ಆ ದಂಡದಿಂದ ತಿರುಗುವ ಚಕ್ರವೂ ಇನ್ನೊಂದು ಬಗೆಯ ಕಾರಣಗಳು. ಮಣ್ಣನ್ನು ಹೊತ್ತು ತಂದ ಕತ್ತೆಯಾದರೋ ಕಾರಣವೇ ಅಲ್ಲ, ಅದಿಲ್ಲದೆಯೂ ಗಡಿಗೆಯಾಗಬಲ್ಲದು ಎಂದು ಅವರು ತೀರ್ಮಾನಿಸಿದರು. ಕತ್ತೆಗೆ ಆದ ಈ ಅನ್ಯಾಯವನ್ನು ಕೇಳಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ನಕ್ಕಿರಬೇಕು. ಆದರೆ ಮಡಕೆಯ ಚರಿತ್ರೆಯನ್ನು ಬಲ್ಲವರು ಕೇಳಬಹುದಾದ ಪ್ರಶ್ನೆಯೇ ಬೇರೆ. ಕತ್ತೆಯಿಲ್ಲದೆ ಗಡಿಗೆಯಾಗುವುದಾದರೆ, ದಂಡ ಚಕ್ರಗಳಿಲ್ಲದೆ ಏಕೆ ಆಗಬಾರದು?

ಆಗಬಹುದು, ಆಗಿದೆ. ಚೀನಾದೇಶದ ಷಿಯಾನ್‌ರೆನ್‌ಡಾಂಗ್ ಗುಹೆಯಲ್ಲಿ ದೊರೆತ ಮಡಕೆಯ ಚೂರುಗಳು ಸುಮಾರು ೨೦,೦೦೦ ವರ್ಷಗಳಷ್ಟು ಹಳೆಯವೆಂದು ೨೦೧೨ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಕುಂಬಾರನ ಚಕ್ರಕ್ಕಾದರೋ ಸುಮಾರು ಆರು ಸಾವಿರ ವರ್ಷಗಳ ಪ್ರಾಯ. ಅಂದಮೇಲೆ ಮನುಷ್ಯನು ಮಡಕೆ ಮಾಡಿಕೊಂಡು ಬಂದ ಕಾಲದಲ್ಲಿ ಬಹುಪಾಲು ಚಕ್ರವಿಲ್ಲದ ಕಾಲವೇ. ಅಷ್ಟು ದೂರ ಹೋಗುವುದೂ ಬೇಡ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ, ನಯಗೊಳಿಸಿದ ಕಲ್ಲುಕೊಡಲಿಗಳ ಜೊತೆಗೆ ಒರಟಾದ ಬೂದುಬಣ್ಣದ ಮಡಕೆಗಳು ದೊರೆತವು. ಅವು ಕೈಯಿಂದ ಮಾಡಿದ ಮಡಕೆಗಳು. ಕನ್ನಡನಾಡಿನ ನೆಲದಲ್ಲಿ ಮೊದಲು ಅನ್ನ ಬೆಂದದ್ದು ಇಂಥ ಪಾತ್ರೆಗಳಲ್ಲಿ.

ಆ ಕೈಗಾರಿಕೆ ಇಂದಿಗೂ ಪೂರ್ತಿ ಮರೆತುಹೋಗಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಾಡುವ ಜೋಡೆತ್ತು, ಆಷಾಢದ ಮಂಗಳವಾರಗಳಂದು ಕೂರಿಸುವ ಗುಳ್ಳವ್ವ, ಭಾದ್ರಪದದ ಗಣಪತಿ—ಇವೆಲ್ಲ ಬೆರಳುಗಳೇ ಮೂಡಿಸಿದ ಮಣ್ಣಿನ ರೂಪಗಳು. ಆದರೆ ಹಬ್ಬ ಮುಗಿದೊಡನೆ ಅವು ನೀರಿಗೆ ಮರಳುತ್ತವೆ. ಬೆಂಕಿಯ ಪರೀಕ್ಷೆಗೆ ಒಳಗಾಗುವುದಿಲ್ಲ. ಬೆಂಕಿಯಲ್ಲಿ ಬೆಂದು ಉಳಿಯಬೇಕಾದ ಪಾತ್ರೆಯನ್ನು ಮಾಡಹೊರಟವನಿಗೆ ಮಾತ್ರ ಮಣ್ಣು ತನ್ನ ನಿಯಮಗಳನ್ನು ಒಂದೊಂದಾಗಿ ಹೇಳತೊಡಗುತ್ತದೆ.

ಇಂದು ಶಾಲೆಗಳಲ್ಲಿಯೂ ಕಲಾಕೇಂದ್ರಗಳಲ್ಲಿಯೂ ಹೊಸಬರಿಗೆ ಸಾಮಾನ್ಯವಾಗಿ ಮೊದಲು ಕಲಿಸುವುದು ಈ ಚಕ್ರವಿಲ್ಲದ ಕುಂಬಾರಿಕೆಯನ್ನೇ. ಚಕ್ರ ಪಳಗುವುದಕ್ಕೆ ತಿಂಗಳುಗಳು ಬೇಕು. ಬೆರಳುಗಳಾದರೋ ಮೊದಲ ದಿನವೇ ಒಂದು ಬಟ್ಟಲನ್ನು ಕೊಡುತ್ತವೆ. ಆದರೆ ಒಳ್ಳೆಯ ಗುರು ಬಟ್ಟಲಿನ ಜೊತೆಗೆ ಇನ್ನೊಂದನ್ನೂ ಕಲಿಸುತ್ತಾನೆ. ಅದು ಮಣ್ಣಿನ ಕೋಣೆಯಲ್ಲಿ ನಡೆದುಕೊಳ್ಳುವ ರೀತಿ. ಇವೆರಡು ಬೇರೆ ಬೇರೆ ಪಾಠಗಳೆಂದು ಮೇಲುನೋಟಕ್ಕೆ ತೋರಬಹುದು. ನಿಜವಾಗಿ ನೋಡಿದರೆ ಗಡಿಗೆಯನ್ನು ಉಳಿಸುವ ಅಭ್ಯಾಸ ಯಾವುದೋ ಗಡಿಗೆ ಮಾಡುವವನನ್ನು ಉಳಿಸುವ ಅಭ್ಯಾಸವೂ ಅದೇ.

ಮಣ್ಣಿನ ಹದ

ಬಂಡೆ ಸಾವಿರಾರು ವರ್ಷ ಮಳೆ ಗಾಳಿಗಳಿಗೆ ಸಿಕ್ಕಿ ಕರಗಿದಾಗ ಜೇಡಿಮಣ್ಣು ಹುಟ್ಟುತ್ತದೆ. ಅದರ ಕಣಗಳು ಮರಳಿನ ಕಣಗಳಂತೆ ಗುಂಡಾಗಿರದೆ ಅತಿ ಸಣ್ಣ ಬಿಲ್ಲೆಗಳಂತೆ ಚಪ್ಪಟೆಯಾಗಿವೆ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಸುಲಭವಾಗಿ ಜಾರುತ್ತವೆ. ಆದರೆ ಎಳೆದು ಬೇರ್ಪಡಿಸಹೋದರೆ ಬಿಡುವುದಿಲ್ಲ. ಜೇಡಿಮಣ್ಣಿನ ಗುಟ್ಟೂ ಇದೇ. ನೀರು ನಡುವೆ ಇರುವವರೆಗೆ ಬಿಲ್ಲೆಗಳು ಜಾರಿ ಹೊಸ ರೂಪ ತಾಳುತ್ತವೆ, ತಾಳಿದ ರೂಪವನ್ನು ಹಿಡಿದು ನಿಲ್ಲುತ್ತವೆ.

ನಮ್ಮ ಹಳ್ಳಿಗಳ ಕುಂಬಾರರು ಕೆರೆಯಂಗಳದ ಮಣ್ಣನ್ನು ತಂದು, ಕಲ್ಲು ಬೇರುಗಳನ್ನು ತೆಗೆದು, ನೆನೆಯಿಟ್ಟು, ಕಾಲಿನಿಂದ ತುಳಿದು ಹದಮಾಡುತ್ತಾರೆ. ತರಗತಿಯಲ್ಲಿ ಅದೇ ಕೆಲಸವನ್ನು ಕೈಗಳು ಮಾಡಬೇಕು. ರೊಟ್ಟಿಯ ಹಿಟ್ಟನ್ನು ನಾದಿದ ಅಭ್ಯಾಸವುಳ್ಳವರಿಗೆ ಇದನ್ನು ಹೆಚ್ಚಾಗಿ ಹೇಳಿಕೊಡಬೇಕಾಗಿಲ್ಲ: ಅಂಗೈಯ ಹಿಂಬದಿಯಿಂದ ಮುಂದಕ್ಕೆ ಒತ್ತುವುದು, ಎತ್ತಿ ತಿರುವುವುದು, ಮತ್ತೆ ಒತ್ತುವುದು. ಮೇಜು ಸೊಂಟದ ಮಟ್ಟಕ್ಕಿಂತ ಎತ್ತರವಾಗಿರಬಾರದು. ಒತ್ತುವ ಬಲ ಬರಿಯ ತೋಳಿನದಾಗದೆ ಇಡೀ ಮೈಯದಾಗಬೇಕು. ಇಲ್ಲವಾದರೆ ಸಂಜೆಗೆ ಮಣಿಕಟ್ಟು ನೋಯುತ್ತದೆ. ನಾದಿದ ಮುದ್ದೆಯನ್ನು ತಂತಿಯಿಂದ ನಡುವೆ ಕೊಯ್ದು ನೋಡಿದರೆ ಒಳಗಿನ ಗಾಳಿಯ ಗುಳ್ಳೆಗಳೂ ಗಂಟುಗಳೂ ಕಾಣುತ್ತವೆ. ಒಂದೂ ಕಾಣದಿದ್ದಾಗ ನಾದುವುದು ಮುಗಿಯಿತೆಂದು ಅರ್ಥ.

ಹದವನ್ನು ಪರೀಕ್ಷಿಸುವ ಉಪಾಯವೊಂದುಂಟು. ಕಿರುಬೆರಳಿನ ಗಾತ್ರದ ಹುರಿಯೊಂದನ್ನು ಹೊಸೆದು ಬೆರಳಿಗೆ ಉಂಗುರದಂತೆ ಸುತ್ತಬೇಕು. ಬಿರಿಯದೆ ಸುತ್ತಿಕೊಂಡರೆ ಹದ ಸರಿ. ಬಿರಿದರೆ ನೀರು ಸಾಲದು, ಅಥವಾ ಮಣ್ಣಿನಲ್ಲಿ ಮರಳು ಹೆಚ್ಚು. ಕೈಗೆ ಅಂಟಿದರೆ ನೀರು ಹೆಚ್ಚು.

ಮೋದಕ, ಕೋಡುಬಳೆ, ಹಪ್ಪಳ

ಕೈಯಿಂದ ಪಾತ್ರೆ ಮಾಡುವ ಮೂಲ ವಿಧಾನಗಳು ಮೂರು. ಮೂರನ್ನೂ ಕನ್ನಡದ ಅಡುಗೆಮನೆ ಬಹುಕಾಲದಿಂದ ಬಲ್ಲದು.

ಮೊದಲನೆಯದು ಒತ್ತುಬಟ್ಟಲು. ಗಣೇಶನ ಹಬ್ಬದ ದಿನ ಹೂರಣ ತುಂಬುವ ಮೊದಲು ಮೋದಕದ ಕಣಕವನ್ನು ಹೆಂಗಸರು ಹೇಗೆ ಬಟ್ಟಲಾಗಿಸುತ್ತಾರೋ ಹಾಗೆಯೇ ಇದು. ಕಿತ್ತಳೆಯ ಗಾತ್ರದ ಉಂಡೆಯನ್ನು ಎಡಗೈಯಲ್ಲಿಟ್ಟುಕೊಂಡು, ಬಲಗೈಯ ಹೆಬ್ಬೆರಳನ್ನು ನಡುವೆ ಇಳಿಸಿ, ತಳದಲ್ಲಿ ಅರ್ಧ ಅಂಗುಲದಷ್ಟು ಮಣ್ಣನ್ನು ಉಳಿಸಬೇಕು. ಬಳಿಕ ಉಂಡೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಗೋಡೆಯನ್ನು ಒತ್ತುತ್ತ, ತಳದಿಂದ ಬಾಯಿಯ ಕಡೆಗೆ ಏರಬೇಕು. ಅಂಚನ್ನು ಕೊನೆಯವರೆಗೂ ದಪ್ಪವಾಗಿಯೇ ಬಿಡುವುದು ಜಾಣತನ; ಅವಸರಪಟ್ಟು ತೆಳುಮಾಡಿದರೆ ಅದು ಹೂವಿನ ಎಸಳಿನಂತೆ ಬಿರಿಯುತ್ತದೆ. ಬಿರುಕು ಕಂಡೊಡನೆ ನೀರು ಸುರಿಯುವುದು ಹೊಸಬರ ಸಹಜ ತಪ್ಪು. ನೀರು ಹೆಚ್ಚಾದಷ್ಟೂ ಗೋಡೆ ಕುಸಿಯುತ್ತದೆ; ಒದ್ದೆ ಬೆರಳಿನಿಂದ ಒಮ್ಮೆ ಸವರಿದರೆ ಸಾಕು.

ಇದು ಮಕ್ಕಳಾಟವೆಂದು ಯಾರೂ ಭಾವಿಸಬೇಕಾಗಿಲ್ಲ. ಹದಿನಾರನೆಯ ಶತಮಾನದಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಚಹಾಕೂಟದ ಮಹಾಗುರು ಸೆನ್ ನೊ ರಿಕ್ಯೂವಿಗಾಗಿ ಚೋಜಿರೋ ಎಂಬ ಕುಶಲಿ ಮಾಡಿಕೊಟ್ಟ ಚಹಾದ ಬಟ್ಟಲುಗಳು ಚಕ್ರದ ಮೇಲೆ ಹುಟ್ಟಿದವಲ್ಲ, ಕೈಯೊಳಗೆ ಹುಟ್ಟಿದವು. ರಾಕು ಎಂಬ ಹೆಸರಿನ ಆ ಮನೆತನ ಇಂದಿಗೂ ಅದೇ ರೀತಿಯಲ್ಲಿ ಬಟ್ಟಲು ಮಾಡುತ್ತಿದೆ. ೨೦೧೯ರಲ್ಲಿ ಹದಿನಾರನೆಯ ತಲೆಮಾರು ಅದರ ಹೊಣೆಯನ್ನು ಹೊತ್ತುಕೊಂಡಿತು.

ಎರಡನೆಯದು ಹುರಿಯ ವಿಧಾನ. ಕೋಡುಬಳೆ ಹೊಸೆಯುವಂತೆ ಮಣ್ಣನ್ನು ಹುರಿಯಾಗಿ ಹೊಸೆದು, ದುಂಡನೆಯ ತಳದ ಮೇಲೆ ಸುತ್ತುಸುತ್ತಾಗಿ ಏರಿಸುವುದು. ಹುರಿಗಳನ್ನು ಒಂದರ ಮೇಲೊಂದು ಇಟ್ಟಮಾತ್ರಕ್ಕೆ ಅವು ಕೂಡಿಕೊಳ್ಳುವುದಿಲ್ಲ. ಪ್ರತಿಯೊಂದು ಸುತ್ತನ್ನೂ ಕೆಳಗಿನದಕ್ಕೆ ಬೆರಳಿನಿಂದ ಎಳೆದು ಬೆಸೆಯಬೇಕು. ಹೊರಗೆ ಸುತ್ತುಗಳು ಅಂದಕ್ಕಾಗಿ ಉಳಿದರೂ ಒಳಗೆ ಗೆರೆ ಕಾಣಬಾರದು. ಮೂರು ನಾಲ್ಕು ಸುತ್ತು ಏರಿದ ಮೇಲೆ ಕೆಳಗಿನ ಗೋಡೆ ತುಸು ಬಿಗಿಯುವ ತನಕ ಕಾಯಬೇಕು. ಇಲ್ಲವಾದರೆ ಮೇಲಿನ ಭಾರಕ್ಕೆ ಅದು ಹೊಟ್ಟೆ ಬಿಟ್ಟು ಕೂರುತ್ತದೆ.

ಈ ವಿಧಾನದಲ್ಲಿ ಜಗತ್ಪ್ರಸಿದ್ಧಳಾದವಳು ನೈಜೀರಿಯಾದೇಶದ ಲಾಡಿ ಕ್ವಾಲಿ. ಹಳ್ಳಿಯ ಹುಡುಗಿಯಾಗಿದ್ದಾಗ ಚಿಕ್ಕಮ್ಮನಿಂದ ಕೊಡ ಮಾಡುವುದನ್ನು ಕಲಿತ ಈಕೆ, ಮುಂದೆ ಅಬುಜಾದಲ್ಲಿ ಮೈಕೇಲ್ ಕಾರ್ಡ್ಯೂ ಸ್ಥಾಪಿಸಿದ ಕುಂಬಾರಿಕೆಯ ಶಿಕ್ಷಣಕೇಂದ್ರವನ್ನು ಸೇರಿದಳು. ಅವಳ ಊರಿನ ಪದ್ಧತಿಯಲ್ಲಿ ಕೊಡ ತಿರುಗುವುದಿಲ್ಲ; ಕೊಡ ನಿಂತಲ್ಲಿಯೇ ನಿಂತಿರುತ್ತದೆ, ಕುಂಬಾರ್ತಿಯೇ ಅದರ ಸುತ್ತ ಪ್ರದಕ್ಷಿಣೆ ಬರುತ್ತಾಳೆ. ನೈಯಾಯಿಕರ ಚಕ್ರ ಇಲ್ಲಿ ಮನುಷ್ಯರ ಕಾಲಾಗಿದೆ! ಆ ದೇಶದ ಇಪ್ಪತ್ತು ನೈರಾ ನೋಟಿನ ಮೇಲೆ ಅವಳ ಚಿತ್ರವನ್ನು ಮುದ್ರಿಸಿ ನಾಡು ಅವಳನ್ನು ಗೌರವಿಸಿದೆ.

ಮೂರನೆಯದು ಹಲಗೆಯ ವಿಧಾನ. ಮಣ್ಣನ್ನು ಬಟ್ಟೆಯ ಮೇಲಿಟ್ಟು ಲಟ್ಟಣಿಗೆಯಿಂದ ಹಪ್ಪಳದಂತೆ ಲಟ್ಟಿಸುವುದು. ದಪ್ಪ ಎಲ್ಲೆಡೆಯೂ ಒಂದೇ ಸಮನಾಗಿರಲೆಂದು ಎರಡು ಪಕ್ಕಗಳಲ್ಲಿ ಸಮಗಾತ್ರದ ಮರದ ಪಟ್ಟಿಗಳನ್ನಿಟ್ಟು ಅವುಗಳ ಮೇಲೆ ಲಟ್ಟಣಿಗೆಯನ್ನು ಉರುಳಿಸುತ್ತಾರೆ. ಹಲಗೆ ತುಸು ಬಿಗಿದ ಮೇಲೆ ಕೊಯ್ದು ಗೋಡೆಗಳನ್ನಾಗಿ ನಿಲ್ಲಿಸಿದರೆ ಪೆಟ್ಟಿಗೆಯಾಗುತ್ತದೆ, ಹೂದಾನಿಯಾಗುತ್ತದೆ. ಇಲ್ಲಿ ಹೊಸಬರು ಅರಿಯಬೇಕಾದ ವಿಚಿತ್ರವೊಂದಿದೆ: ಮಣ್ಣಿಗೆ ನೆನಪುಂಟು. ಹಲಗೆಯನ್ನು ಎತ್ತುವಾಗ ಅದರ ಮೂಲೆ ಬಾಗಿತೆನ್ನೋಣ. ಒಡನೆ ಅದನ್ನು ಚಪ್ಪಟೆ ಮಾಡಿ ಏನೂ ಆಗದಂತೆ ಮುಂದುವರಿಯಬಹುದು. ಆದರೆ ಒಣಗುವಾಗಲೋ ಬೇಯುವಾಗಲೋ ಆ ಮೂಲೆ ತನಗಾದುದನ್ನು ನೆನೆದು ಮತ್ತೆ ಬಾಗುತ್ತದೆ. ಆದುದರಿಂದ ಹಲಗೆಯನ್ನು ಬಟ್ಟೆಯ ಸಮೇತ ಎತ್ತುವುದು ಕ್ಷೇಮ.

ಯಾವ ವಿಧಾನವಾದರೂ ಬೆಸುಗೆಯ ನಿಯಮ ಒಂದೇ. ಕೂಡಬೇಕಾದ ಎರಡು ಮೈಗಳನ್ನೂ ಮೊನೆಯಿಂದ ಗೀರಿ ಒರಟು ಮಾಡಬೇಕು, ಅದೇ ಮಣ್ಣನ್ನು ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಆ ಗೀರುಗಳಿಗೆ ಬಳಿಯಬೇಕು, ಅನಂತರ ಒತ್ತಬೇಕು. ಎರಡೂ ಭಾಗಗಳು ಒಂದೇ ತೇವದಲ್ಲಿರಬೇಕು. ಅರ್ಧ ಒಣಗಿದ ಲೋಟಕ್ಕೆ ಹಸಿ ಹಿಡಿಯನ್ನು ಅಂಟಿಸಿದರೆ ಹಿಡಿ ಕುಗ್ಗುತ್ತದೆ, ಲೋಟ ಅಷ್ಟಾಗಿ ಕುಗ್ಗದು, ಬೆಸುಗೆ ಬಿಡುತ್ತದೆ.

ಕಾಯುವ ವಿದ್ಯೆ

ಪಾತ್ರೆ ಮಾಡುವುದು ಒಂದು ತಾಸಿನ ಕೆಲಸ. ಒಣಗಿಸುವುದು ಒಂದು ವಾರದ ಕೆಲಸ. ಕಲಿಯುವವರ ತಾಳ್ಮೆ ಸೋಲುವುದು ಇಲ್ಲಿಯೇ. ಕಣಗಳ ನಡುವಿನ ನೀರು ಹೋದಂತೆ ಬಿಲ್ಲೆಗಳು ಹತ್ತಿರ ಸರಿದು ಪಾತ್ರೆ ಕುಗ್ಗುತ್ತದೆ. ಬೆಂದು ಹೊರಬರುವ ವೇಳೆಗೆ ಅನೇಕ ಮಣ್ಣುಗಳು ತಮ್ಮ ಮೊದಲಿನ ಅಳತೆಯಲ್ಲಿ ಹತ್ತನೆಯ ಒಂದು ಪಾಲಿನಷ್ಟು ಕಿರಿದಾಗಿರುತ್ತವೆ. ಎಲ್ಲ ಭಾಗಗಳೂ ಒಟ್ಟಿಗೆ ಕುಗ್ಗಿದರೆ ತೊಂದರೆಯಿಲ್ಲ. ತೆಳುವಾದ ಅಂಚು ಬಿಸಿಲಿಗೆ ಬೇಗ ಒಣಗಿ ದಪ್ಪನೆಯ ತಳ ಹಸಿಯಾಗಿಯೇ ಉಳಿದರೆ ಎರಡಕ್ಕೂ ಜಗಳ ಹತ್ತಿ ನಡುವೆ ಬಿರುಕು ಬೀಳುತ್ತದೆ. ಆದುದರಿಂದ ಬಿಸಿಲು ಸಲ್ಲದು, ಫ್ಯಾನಿನ ಗಾಳಿಯೂ ಸಲ್ಲದು. ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ದಿನಕ್ಕೊಮ್ಮೆ ತೆಗೆದು ನೋಡಿ, ಗಟ್ಟಿಯಾದ ಮೇಲೆ ಬೋರಲು ಹಾಕಿ, ನಿಧಾನವಾಗಿ ತೇವ ಬಿಡಿಸಬೇಕು.

ನಡುವೆ ಒಂದು ಹದ ಬರುತ್ತದೆ. ಪಾತ್ರೆ ತೊಗಲಿನಂತೆ ಗಟ್ಟಿಯಾಗಿದ್ದರೂ ತಂಪು ಬಿಟ್ಟಿರುವುದಿಲ್ಲ. ಕೊರೆಯುವುದು, ಹೆರೆಯುವುದು, ನಯಮಾಡುವುದು, ಹಿಡಿ ಅಂಟಿಸುವುದು—ಎಲ್ಲವೂ ಈ ಹದದಲ್ಲಿಯೇ ಮುಗಿಯಬೇಕು. ಮುಂದೆ ಪೂರ್ತಿ ಒಣಗಿದ ಪಾತ್ರೆ ಗಟ್ಟಿಯಾಗಿ ಕಂಡರೂ ಬಿಸ್ಕತ್ತಿನಷ್ಟೇ ಪೆಡಸು; ಅಂಚನ್ನಾಗಲಿ ಹಿಡಿಯನ್ನಾಗಲಿ ಹಿಡಿದು ಎತ್ತದೆ, ಎರಡು ಕೈಗಳಲ್ಲಿ ತಳವನ್ನು ಆತು ಎತ್ತಬೇಕು.

ಪೂರ್ತಿ ಒಣಗಿತೆಂದು ತಿಳಿಯುವುದು ಹೇಗೆ? ಬಲ್ಲವರು ಪಾತ್ರೆಯನ್ನು ಕೆನ್ನೆಗೆ ತಗುಲಿಸಿ ನೋಡುತ್ತಾರೆ. ತಣ್ಣಗೆ ಸೋಕಿದರೆ ಒಳಗೆ ಇನ್ನೂ ನೀರಿದೆ. ಆ ನೀರೇ ಆವಿಗೆಯ ಶತ್ರು. ಗಾಳಿಗುಳ್ಳೆಯಿಂದ ಮಡಕೆ ಸಿಡಿಯುತ್ತದೆಂಬ ನಂಬಿಕೆ ಎಲ್ಲೆಡೆಯೂ ಇದೆ. ನಿಜವಾಗಿ ಸಿಡಿಸುವುದು ಉಗಿ. ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಗಿಯಾದಾಗ ಅದರ ಗಾತ್ರ ಸುಮಾರು ೧೬೦೦ ಪಟ್ಟು ಹೆಚ್ಚುತ್ತದೆ. ದಪ್ಪ ಗೋಡೆಯೊಳಗೆ ಸಿಕ್ಕಿಬಿದ್ದ ಉಗಿಗೆ ಹೊರದಾರಿ ಸಿಗದಿದ್ದರೆ ಅದು ಗೋಡೆಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಗೋಡೆ ಕಿರುಬೆರಳಿನ ದಪ್ಪವನ್ನು ಮೀರಬಾರದು, ಗಟ್ಟಿ ಬೊಂಬೆಗಳ ಹೊಟ್ಟೆಯನ್ನು ತೋಡಿ ಪೊಳ್ಳು ಮಾಡಿ ಸಣ್ಣದೊಂದು ತೂತನ್ನು ಬಿಡಬೇಕು ಎಂಬ ನಿಯಮಗಳು ಇದರಿಂದಲೇ ಹುಟ್ಟಿದವು. ತರಗತಿಯ ಆವಿಗೆಯಲ್ಲಿ ಹತ್ತು ಮಂದಿಯ ಪಾತ್ರೆಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಒಬ್ಬನ ಅವಸರದ ಮಡಕೆ ಸಿಡಿದರೆ ಅದರ ಚೂರುಗಳು ಪಕ್ಕದವನ ತಿಂಗಳ ಶ್ರಮವನ್ನೂ ಒಡೆಯುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ದೊಣ್ಣೆ ಇಲ್ಲಿ ಕುಂಬಾರನ ಕೈಯಲ್ಲಿಯೇ ಇದೆ.

ಪೊರಕೆಗೆ ಪ್ರವೇಶವಿಲ್ಲ

ಒಳ್ಳೆಯ ಮಣ್ಣಿನ ತರಗತಿಗೆ ಹೋದವರು ಗಮನಿಸಬೇಕಾದ ವಸ್ತುವೊಂದಿದೆ. ಅದು ಅಲ್ಲಿ ಇಲ್ಲದಿರುವ ವಸ್ತು. ಆ ಕೋಣೆಯ ಯಾವ ಮೂಲೆಯಲ್ಲಿಯೂ ಕಸಪೊರಕೆ ಕಾಣಿಸದು.

ಶುಚಿತ್ವದ ಮೊದಲ ಸಾಧನಕ್ಕೇ ಬಹಿಷ್ಕಾರವೇಕೆಂದು ಹೊಸಬರು ಬೆರಗಾಗಬಹುದು. ಕಾರಣವಿದು: ಜೇಡಿಮಣ್ಣಿನಲ್ಲಿ ಬೆಣಚುಕಲ್ಲಿನ ಅತಿ ನುಣ್ಣನೆಯ ಪುಡಿ ಬೆರೆತಿರುತ್ತದೆ. ಅದಕ್ಕೆ ಸಿಲಿಕಾ ಎಂದು ಹೆಸರು. ಮಣ್ಣು ಹಸಿಯಾಗಿರುವ ತನಕ ಅದು ನಿರುಪದ್ರವಿ. ಆದರೆ ಮೇಜಿನ ಮೇಲೆ ಬಿದ್ದ ಚೂರು ಒಣಗಿ, ಕಾಲಿಗೆ ಸಿಕ್ಕಿ, ಪುಡಿಯಾಗಿ, ಪೊರಕೆಯ ಬೀಸಿಗೆ ಮೇಲೆದ್ದಾಗ ಪರಿಸ್ಥಿತಿ ಬದಲಾಗುತ್ತದೆ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಒಂದು ಮೈಕ್ರಾನ್ ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನುಗಳಾದರೆ, ಶ್ವಾಸಕೋಶದ ತುದಿಯವರೆಗೂ ಇಳಿಯಬಲ್ಲ ಧೂಳಿನ ಕಣ ನಾಲ್ಕೈದು ಮೈಕ್ರಾನುಗಳಿಗಿಂತಲೂ ಸಣ್ಣದು. ಕಣ್ಣಿಗೆ ಕಾಣುವ ಧೂಳು ಬೇಗ ನೆಲ ಸೇರುತ್ತದೆ. ಕಾಣದ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಕೋಣೆ ಸ್ವಚ್ಛವಾಯಿತೆಂದು ಗುಡಿಸಿದವನು ನಿಟ್ಟುಸಿರು ಬಿಡುವಾಗ ಮರಳಿ ಎಳೆದುಕೊಳ್ಳುವುದು ಅದನ್ನೇ.

ಒಳಸೇರಿದ ಸಿಲಿಕಾ ಕರಗುವುದಿಲ್ಲ, ಹೊರಬರುವುದೂ ಇಲ್ಲ. ಅದರ ಸುತ್ತ ಶ್ವಾಸಕೋಶದ ಮೃದುವಾದ ಅಂಶ ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುತ್ತದೆ. ಈ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರನ್ನು ಕಾಡಿದ ರೋಗವೂ ಇದೇ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೭ರಲ್ಲಿ, ಉಸಿರಿನೊಡನೆ ಒಳಹೋಗುವ ಹರಳುರೂಪದ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಇದನ್ನು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತ ಬಹಳ ಬೆಲೆ ತೆತ್ತು ಕಲಿಯಿತು. ಪಾತ್ರೆಗಳು ಬೆಳ್ಳಗಾಗಲೆಂದು ಅಲ್ಲಿನವರು ಹದಿನೆಂಟನೆಯ ಶತಮಾನದಲ್ಲಿ ಚಕಮಕಿಕಲ್ಲನ್ನು ಸುಟ್ಟು ಪುಡಿಮಾಡಿ ಮಣ್ಣಿಗೆ ಬೆರೆಸತೊಡಗಿದರು. ಒಣಗಲ್ಲನ್ನು ಕುಟ್ಟುವವರು ಕೆಲವೇ ವರ್ಷಗಳಲ್ಲಿ ಉಸಿರು ಕಟ್ಟಿ ಸಾಯುತ್ತಿದ್ದರು. ೧೭೨೬ರಲ್ಲಿ ಥಾಮಸ್ ಬೆನ್ಸನ್ ಎಂಬಾತ ಆ ಕಲ್ಲನ್ನು ನೀರಿನೊಳಗೆ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ನೀರಿನಲ್ಲಿ ಅರೆದರೆ ಧೂಳೇಳದು—ಎಷ್ಟು ಸರಳವಾದ ಮಾತು! ಹಾಗಿದ್ದೂ ಕಾರ್ಖಾನೆಗಳ ನೆಲದ ಮೇಲೆ, ಕೆಲಸಗಾರರ ಬಟ್ಟೆಯ ಮೇಲೆ ಒಣಗಿದ ಮಣ್ಣು ಇನ್ನೂ ತಲೆಮಾರುಗಳವರೆಗೆ ಜೀವ ತೆಗೆಯುತ್ತಲೇ ಇತ್ತು. ಆ ರೋಗಕ್ಕೆ ಅಲ್ಲಿನ ಜನ ಕುಂಬಾರನ ಹೆಸರನ್ನೇ ಸೇರಿಸಿ ಕರೆದರು.

ತಿಂಗಳಿಗೆ ನಾಲ್ಕು ದಿನ ಮಣ್ಣು ಮುಟ್ಟುವ ವಿದ್ಯಾರ್ಥಿ ಇದನ್ನು ಕೇಳಿ ಹೆದರಬೇಕಾಗಿಲ್ಲ. ಅಪಾಯ ಇರುವುದು ವರ್ಷಗಟ್ಟಲೆ ಉಸಿರಾಡಿದ ಧೂಳಿನಲ್ಲಿ. ಆದರೆ ವಿದ್ಯಾರ್ಥಿ ಮನೆಗೆ ಹೋದ ಮೇಲೂ ಗುರು ಅದೇ ಕೋಣೆಯಲ್ಲಿರುತ್ತಾನೆ. ಕೋಣೆಯನ್ನು ಚೊಕ್ಕಟ ಮಾಡುವ ಕೆಲಸದವರು ಪ್ರತಿದಿನವೂ ಇರುತ್ತಾರೆ. ಇಂದಿನ ವಿದ್ಯಾರ್ಥಿಯೇ ನಾಳೆ ಈ ಕಸುಬನ್ನು ಹಿಡಿದು ಮೂವತ್ತು ವರ್ಷ ದುಡಿಯಬಹುದು. ಸಿಡಿಯುವ ಮಡಕೆಯಂತೆ ಧೂಳೂ ತನ್ನನ್ನು ಎಬ್ಬಿಸಿದವನನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ.

ಕೋಣೆಯ ನಡವಳಿಕೆ

ಇದಕ್ಕೆ ಪರಿಹಾರ ದುಬಾರಿಯದೇನೂ ಅಲ್ಲ. ಒಂದು ಬಕೆಟ್ಟು ನೀರು, ಒಂದು ಸ್ಪಂಜು. ಬಿದ್ದ ಚೂರನ್ನು ಹಸಿಯಾಗಿರುವಾಗಲೇ ಎತ್ತಿಬಿಡಬೇಕು. ಕೆಲಸ ಮುಗಿದೊಡನೆ ಮೇಜನ್ನು ಒದ್ದೆ ಸ್ಪಂಜಿನಿಂದ ಒರಸಬೇಕು. ನೆಲವನ್ನು ಒದ್ದೆ ಬಟ್ಟೆಯಿಂದ ಸಾರಿಸಬೇಕು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರೂ ಪೊರಕೆಯ ತಮ್ಮನೇ. ನುಣ್ಣನೆಯ ಧೂಳನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಊದುತ್ತದೆ. ಒಣಗಿದ ಪಾತ್ರೆಯನ್ನು ಉಪ್ಪುಕಾಗದದಿಂದ ಉಜ್ಜುವುದನ್ನು ಹೊಸಬರಿಗೆ ಕಲಿಸಲೇಬಾರದು. ತೊಗಲಿನ ಹದದಲ್ಲಿದ್ದಾಗ ಒದ್ದೆ ಸ್ಪಂಜಿನಿಂದ ಸವರಿದವನಿಗೆ ಮುಂದೆ ಉಜ್ಜುವ ಅಗತ್ಯವೇ ಬೀಳುವುದಿಲ್ಲ. ಪುಡಿಮಣ್ಣನ್ನು ಕಲಸಬೇಕಾದಾಗ ವಿದ್ಯಾರ್ಥಿಗಳು ದೂರವಿರಬೇಕು. ಕಲಸುವವರು ಎನ್-೯೫ರಂಥ ಸರಿಯಾದ ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಕಟ್ಟಿಕೊಂಡು, ನೀರಿಗೆ ಪುಡಿಯನ್ನು ನಿಧಾನವಾಗಿ ಬಿಡಬೇಕು. ಕರವಸ್ತ್ರ ಕಟ್ಟಿಕೊಂಡರೆ ಮನಸ್ಸಿಗೆ ಸಮಾಧಾನ, ಅಷ್ಟೆ. ಮಕ್ಕಳ ತರಗತಿಗೆ ಕಲಸಿದ ಹಸಿಮಣ್ಣನ್ನೇ ತರಿಸುವುದು ಲೇಸು.

ಬಟ್ಟೆಯ ಮೇಲೆ ಏಪ್ರನ್ ತೊಡಬೇಕು. ಆದರೆ ಅದಕ್ಕೆ ಕೈಯೊರಸಬಾರದು. ಒರಸಿದ ಮಣ್ಣು ಒಣಗಿ ಅಲ್ಲಿಂದಲೇ ಧೂಳೇಳುತ್ತದೆ. ಏಪ್ರನ್ನನ್ನು ಆಗಾಗ ಬೇರೆಯಾಗಿ ಒಗೆಯಬೇಕು. ತಿಂಡಿ ಕಾಫಿಗಳಿಗೆ ಆ ಕೋಣೆಯಲ್ಲಿ ಎಡೆಯಿಲ್ಲ. ಕೈಗೆ ಗಾಯವಿದ್ದರೆ ಪಟ್ಟಿ ಕಟ್ಟಿಕೊಂಡೇ ಮಣ್ಣು ಮುಟ್ಟಬೇಕು. ಉಂಗುರ ಬಳೆಗಳನ್ನು ತೆಗೆದಿಡಬೇಕು, ಉದ್ದ ಕೂದಲನ್ನು ಕಟ್ಟಿಕೊಳ್ಳಬೇಕು. ಕೊಯ್ಯುವ ತಂತಿಯನ್ನು ಎರಡು ತುದಿಗಳ ಮರದ ಹಿಡಿಯಲ್ಲಿಯೇ ಹಿಡಿಯಬೇಕು. ಗೀರುವ ಮೊನೆಯನ್ನು ಮಣ್ಣಿನ ಮುದ್ದೆಯೊಳಗೆ ಮರೆತುಬಿಟ್ಟರೆ ನಾಳೆ ಅದನ್ನು ನಾದುವವನ ಅಂಗೈ ಹುಡುಕಿಕೊಡುತ್ತದೆ. ಇಪ್ಪತ್ತು ಕಿಲೋ ಮಣ್ಣ ಚೀಲವನ್ನು ಸೊಂಟ ಬಗ್ಗಿಸಿ ಎತ್ತದೆ, ಮೊಣಕಾಲು ಮಡಿಸಿ ಎತ್ತಬೇಕು. ಇಬ್ಬರು ಕೂಡಿ ಎತ್ತಿದರೆ ಇನ್ನೂ ಮೇಲು.

ಕೈಯನ್ನು ನೇರವಾಗಿ ನಲ್ಲಿಯ ಕೆಳಗೆ ತೊಳೆಯುವುದೂ ಸರಿಯಲ್ಲ. ನಾಲ್ಕು ದಿನದಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ. ಮೊದಲು ಬಕೆಟ್ಟಿನಲ್ಲಿ ತೊಳೆದು, ಅನಂತರ ನಲ್ಲಿಗೆ ಹೋಗಬೇಕು. ಬಕೆಟ್ಟಿನ ತಳದಲ್ಲಿ ರಾತ್ರಿ ಇಳಿದ ಮಣ್ಣು ಕಸವಲ್ಲ. ಮೇಲಿನ ತಿಳಿನೀರನ್ನು ಬಸಿದು ಅದನ್ನು ಮತ್ತೆ ಬಳಸಬಹುದು. ಬೇಯುವ ಮೊದಲು ಮಣ್ಣಿನ ಕಸುಬಿನಲ್ಲಿ ಯಾವ ತಪ್ಪೂ ಶಾಶ್ವತವಲ್ಲ. ಕೆಟ್ಟ ಬಟ್ಟಲನ್ನು ನೀರಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ಮತ್ತೆ ಮಣ್ಣು. ಮೊದಲ ಪ್ರಯತ್ನ ಕೆಟ್ಟಿತೆಂದು ಅಳುವ ಮಗುವಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವ ವಿದ್ಯೆಯಲ್ಲಿದೆ?

ಆವಿಗೆಯ ಮುಂದೆ

ಬೆಂದ ಮೇಲೆ ಮಾತ್ರ ಆ ಕ್ಷಮೆ ಇಲ್ಲ. ಶಾಖ ೬೦೦ ಡಿಗ್ರಿಯ ಆಸುಪಾಸಿಗೆ ಏರುವ ವೇಳೆಗೆ ಮಣ್ಣಿನ ಹರಳಿನೊಳಗೆ ಹೆಣೆದುಕೊಂಡಿದ್ದ ನೀರೂ ಹೊರಟುಹೋಗಿರುತ್ತದೆ. ಅಲ್ಲಿಂದ ಮುಂದೆ ಎಷ್ಟು ನೀರು ಹಾಕಿದರೂ ಮಡಕೆ ಮಣ್ಣಾಗದು. ೫೭೩ ಡಿಗ್ರಿಯಲ್ಲಿ ಬೆಣಚುಕಲ್ಲಿನ ಹರಳು ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಆರುವಾಗ ಅದೇ ಮಟ್ಟದಲ್ಲಿ ಕುಗ್ಗುತ್ತದೆ. ಆದುದರಿಂದ ಏರುವಾಗಲೂ ಇಳಿಯುವಾಗಲೂ ಅವಸರ ಸಲ್ಲದು. ತರಗತಿಗಳ ವಿದ್ಯುತ್ ಕುಲುಮೆಯಲ್ಲಿ ಮೊದಲ ಬೇಯಿಕೆ ಸಾಮಾನ್ಯವಾಗಿ ೯೦೦ರಿಂದ ೧೦೦೦ ಡಿಗ್ರಿಗಳವರೆಗೆ ಹೋಗುತ್ತದೆ.

ಕುಲುಮೆಯ ಹತ್ತಿರದ ನಿಯಮಗಳು ಕೆಲವೇ. ಬಿಸಿಯಾದ ಮಡಕೆಯೂ ತಣ್ಣನೆಯ ಮಡಕೆಯೂ ನೋಟಕ್ಕೆ ಒಂದೇ. ಆದುದರಿಂದ ಎಲ್ಲವೂ ಬಿಸಿಯೆಂದೇ ತಿಳಿಯಬೇಕು. ಬೇಯುವ ಮಣ್ಣಿನಿಂದ ವಿಷದ ಅನಿಲಗಳೂ ಹೊರಡುತ್ತವೆ. ಕುಲುಮೆ ಪಾಠದ ಕೋಣೆಯಲ್ಲಿರದೆ ಗಾಳಿಯಾಡುವ ಬೇರೆಡೆಯಲ್ಲಿರಬೇಕು. ಅದರ ಕಿಂಡಿಯೊಳಗಿನ ಉಜ್ವಲವಾದ ಬೆಳಕನ್ನು ತಕ್ಕ ಕನ್ನಡಕವಿಲ್ಲದೆ ನೋಡಬಾರದು. ಶಾಖ ೧೦೦ ಡಿಗ್ರಿಗಿಂತ ಕೆಳಗಿಳಿಯುವವರೆಗೂ ಬಾಗಿಲು ತೆರೆಯಬಾರದು. ಎಲ್ಲಕ್ಕೂ ಕಷ್ಟವಾದ ನಿಯಮ ಇದೇ. ತಮ್ಮ ಬಟ್ಟಲು ಏನಾಯಿತೋ ಎಂದು ಇಪ್ಪತ್ತು ಮಂದಿ ಬಾಗಿಲ ಮುಂದೆ ಕಾದು ನಿಂತಿರುವಾಗ ಗುರುವಿಗೂ ಕೈ ತಡೆಯದು!

ಮೆರುಗಿನ ಮರ್ಮ

ಬೆಂದ ಪಾತ್ರೆಗೆ ಗಾಜಿನಂಥ ಮೆರುಗು ಕೊಡುವ ಆಸೆ ಮುಂದಿನದು. ಆ ಹೊಳಪಿಗಾಗಿ ಹಿಂದಿನವರು ಸೀಸವನ್ನು ಧಾರಾಳವಾಗಿ ಬಳಸಿದರು. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು ೧೭೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೀಸದ ಮೆರುಗು ಬಳಿಯುವ ಕುಂಬಾರರ ಕೈ ನಡುಗುವುದನ್ನೂ ಅಂಗಗಳು ಸೋಲುವುದನ್ನೂ ವಿವರಿಸಿದ್ದಾನೆ. ಸೀಸ ಬಳಿದವನನ್ನು ಮಾತ್ರವಲ್ಲ, ಆ ಪಾತ್ರೆಯಲ್ಲಿ ಉಣ್ಣುವವನನ್ನೂ ಬಿಡದು. ಹುಣಿಸೆಹುಳಿ, ಮೊಸರು, ಉಪ್ಪಿನಕಾಯಿಗಳಂಥ ಹುಳಿಪದಾರ್ಥಗಳು ಸರಿಯಾಗಿ ಬೇಯದ ಮೆರುಗಿನಿಂದ ಸೀಸವನ್ನು ಕರಗಿಸಿಕೊಳ್ಳುತ್ತವೆ. ಆದುದರಿಂದ ತರಗತಿಯಲ್ಲಿ ಸೀಸವಿಲ್ಲದ ಮೆರುಗನ್ನೇ ತರಿಸಬೇಕು. ಅದನ್ನೂ ಪುಡಿಯಾಗಿ ಅಲ್ಲದೆ ನೀರಿನಲ್ಲಿ ಕಲಸಿದ ರೂಪದಲ್ಲಿಯೇ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಮೆರುಗಿನ ಮೂಲ ತಿಳಿಯದ ಪಾತ್ರೆ ಎಷ್ಟೇ ಚೆಲುವಾಗಿದ್ದರೂ ಅದು ಹೂವಿಗೆ, ಪೆನ್ನುಗಳಿಗೆ, ಅನ್ನಕ್ಕಲ್ಲ.

ಇಷ್ಟೆಲ್ಲ ಕಾದು, ಒರಸಿ, ಹೊದಿಸಿ, ಬೇಯಿಸಿದ ಬಳಿಕ ವಿದ್ಯಾರ್ಥಿಯ ಕೈಗೆ ಬರುವುದು ತುಸು ಸೊಟ್ಟಗಿರುವ ಒಂದು ಚಿಕ್ಕ ಬಟ್ಟಲು. ಅಂಗಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಬೆರಳಿನಿಂದ ತಟ್ಟಿ ನೋಡಿದರೆ, ಒಳಗೆ ಬಿರುಕಿಲ್ಲದಿದ್ದರೆ, ಅದು ಕಣ್ಣೆಂದು ದನಿಗೊಡುತ್ತದೆ. ಹರಿಹರನ ರಗಳೆಯಲ್ಲಿ ಬರುವ ಕುಂಬಾರ ಗುಂಡಯ್ಯ ಇಂಥ ದನಿಗೇ ಕುಣಿದವನು. ಅವನು ಗಡಿಗೆ ಬಾರಿಸುತ್ತ ಕುಣಿದಾಗ ಶಿವನೂ ಜೊತೆಗೂಡಿ ಕುಣಿದನೆಂದು ಕವಿ ಹೇಳುತ್ತಾನೆ. ಬಟ್ಟಲು ಒಳ್ಳೆಯ ದನಿ ಕೊಟ್ಟರೆ, ಮಾಡಿದವನು ಎಲ್ಲಿಯೂ ಅವಸರಪಡಲಿಲ್ಲವೆಂದು ಅರ್ಥ.

ನೈಯಾಯಿಕರು ಗಡಿಗೆಯ ಕಾರಣಗಳನ್ನು ಎಣಿಸಿದಾಗ ಮಣ್ಣು, ಕುಂಬಾರ, ದಂಡ, ಚಕ್ರ ಎಂದರು. ದಂಡ ಚಕ್ರಗಳು ಇಲ್ಲದಿದ್ದರೂ ಆದೀತೆಂದು ಬ್ರಹ್ಮಗಿರಿಯ ಚೂರುಗಳು ಹೇಳುತ್ತವೆ. ಕುಂಬಾರನಿಲ್ಲದೆ ಮಾತ್ರ ಆಗದು. ಅವನ ಎದೆಯೊಳಗಿನ ಉಸಿರು ನೆಟ್ಟಗಿರುವಂತೆ ನೋಡಿಕೊಳ್ಳುವ ಆ ಒಂದು ಬಕೆಟ್ಟು ನೀರನ್ನೂ ಒಂದು ಒದ್ದೆ ಸ್ಪಂಜನ್ನೂ, ಶಾಸ್ತ್ರದಲ್ಲಿ ಹೇಳಿಲ್ಲದಿದ್ದರೂ, ಗಡಿಗೆಯ ಕಾರಣಗಳಲ್ಲಿ ಸೇರಿಸಿ ಎಣಿಸಬೇಕು.